ರಾಮದುರ್ಗದ ತಾರೀಖು

ಅಂದು ಸಹಿ ಹಾಕಿಬಿಡುವುದೆಂದು ನಿರ್ಧರಿಸಿಯೇ ನಾನು ಬೈಲಹೊಂಗಲದಲ್ಲಿ ಬಸ್ಸು ಹತ್ತಿದ್ದೆ.

ನಾನು ಬರೆದ ಸುದ್ದಿ ಒಂದು, ಬಿದ್ದ ಕೇಸು ನಾಲ್ಕು. ನಮ್ಮ ಭಾಗದ ಒಂದು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ, ಅಂದರೆ ಗಾಡಿ ಸಮೇತ ಕಬ್ಬು ತೂಗುವ ತಕ್ಕಡಿಯಲ್ಲಿ, ರೈತರಿಗೆ ಮೋಸವಾಗುತ್ತಿದೆ ಎಂದು ನನ್ನ ವಾರಪತ್ರಿಕೆಯಲ್ಲಿ ಬರೆದೆ. ಕಾರ್ಖಾನೆಯ ಚೇರಮನ್ನರು ನನ್ನನ್ನು ಹೊಡೆಸಲಿಲ್ಲ. ಹೊಡೆಸಿದ್ದರೆ ಒಂದು ವಾರ ಮಲಗಿ ಎದ್ದು ಬರುತ್ತಿದ್ದೆ. ಅವರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಊರಿಗೊಬ್ಬ ಶೇರುದಾರನನ್ನು ಹಿಡಿದು, ಕಾರ್ಖಾನೆಯ ಜೊತೆ ಅವನ ಮಾನವೂ ಹೋಯಿತೆಂದು ಊರಿಗೊಂದು ಮಾನಹಾನಿ ಕೇಸು ಹಾಕಿಸಿದರು. ಅಂದಿನಿಂದ ನನ್ನ ಬಾಳು ಬಸ್ಸಿನಲ್ಲೇ ಕಳೆಯುತ್ತಿದೆ. ಪತ್ರಿಕೆ ಕೋರ್ಟಿನ ತಾರೀಖುಗಳ ನಡುವೆ ಬಿಡುವು ಸಿಕ್ಕ ವಾರ ಮಾತ್ರ ಹೊರಗೆ ಬರುತ್ತದೆ.

ನಾನು ಊರ ಸಾಲೆಯಲ್ಲಿ ಏಳನೆಯ ಇಯತ್ತೆ ಕಲಿತವನು. ಪೇಪರು ಹಂಚುತ್ತ ಹಂಚುತ್ತ ಸುದ್ದಿ ಬರೆಯುವುದನ್ನು ಕಲಿತೆ. ಅಭಿವ್ಯಕ್ತಿ ಸ್ವಾತಂತ್ರ್ಯ ಎಂಬ ಮಾತನ್ನು ಕಾಲೇಜಿನವರು ಭಾಷಣಕ್ಕೆ ಕರೆದ ಮೇಲೆಯೇ ಬಾಯಿಪಾಠ ಮಾಡಿಕೊಂಡದ್ದು. ಬೇರೆ ಊರಿನ ಪತ್ರಕರ್ತರ ಮೇಲೆ ಕೇಸು ಬಿದ್ದಾಗಲೆಲ್ಲ ಕಚೇರಿಗಳ ಮುಂದೆ ಬಿಸಿಲಲ್ಲಿ ಕೂತು ಗಂಟಲು ಹರಿದುಕೊಂಡಿದ್ದೇನೆ. ನನ್ನ ಸರದಿ ಬಂದಾಗ ಅವರೆಲ್ಲ ಫೋನಿನಲ್ಲಿ ಧೈರ್ಯ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ.

ವಕೀಲ ರಘೋತ್ತಮರು ಹೇಗೋ ಮಾಡಿ ರಾಜಿ ಕುದುರಿಸಿದ್ದರು. ಆ ಸುದ್ದಿ ಸುಳ್ಳು, ಕಾಟಾ ಸರಿಯಾಗಿದೆ, ಕ್ಷಮಿಸಿ ಎಂದು ನಾನು ಬರೆದುಕೊಟ್ಟು ಮುಖಪುಟದಲ್ಲಿ ಅಚ್ಚು ಮಾಡಬೇಕು. ಚೇರಮನ್ನರ ಕಡೆಯವರು ನಾಲ್ಕೂ ಕೇಸು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಯರಗಟ್ಟಿಯಲ್ಲಿ ಬಸ್ಸು ಬದಲಿಸಿದಾಗ ನೀಲಪ್ಪ ಸಿಕ್ಕ. ಅವನ ಹಳ್ಳಿಯಿಂದ ರಾಮದುರ್ಗಕ್ಕೆ ಹೋಗಲು ಇಲ್ಲೇ ಬಸ್ಸು ಹತ್ತಬೇಕು. ರಾಮದುರ್ಗದ ಕೇಸಿನ ಫಿರ್ಯಾದಿ ಇವನೇ, ಅರವತ್ತು ದಾಟಿದ ರೈತ. ಮೊದಮೊದಲು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಅದೇ ಕೋರ್ಟಿಗೆ ಅದೇ ಬಸ್ಸಿನಲ್ಲಿ ಎಷ್ಟು ಸಲ ಮುಖ ತಿರುಗಿಸಲಾದೀತು? ಈಗ ಚಹಾ ಕುಡಿಸುತ್ತಾನೆ.

“ಬರ್ರಿ ಆರೋಪಿ ಸಾಹೇಬ್ರ, ಕುಂತ್ರಿ,” ಎಂದು ಸರಿದು ಜಾಗ ಕೊಟ್ಟ. “ಮಾರಿ ಯಾಕ ಹಿಂಗ ಮಾಡೀರಿ? ಮನ್ಯಾಗ ಬೈಸ್ಕೊಂಡ್ರೇನು?”

“ಇವತ್ತ ಮುಗಸತೇನಿ ಕಾಕಾ. ತಪ್ಪಾತು ಅಂತ ಸಹಿ ಹಾಕತೇನಿ.”

“ಪುಣ್ಯಾ ಬರತೈತಿ ನಿಮಗ. ಈ ಬಸ್ಸಿನ್ಯಾಗ ಕುಂತ ಕುಂತ ನನ್ನ ಟೊಂಕಾ ಹೋತು. ನಮ್ಮಾಕಿ ಕೇಳತಾಳ, ಕೇಸ್ ಹಾಕಿದಾಂವ ನೀನೋ, ಹಾಕಿಸ್ಕೊಂಡಾಂವ ನೀನೋ ಅಂತ.”

ಸ್ವಲ್ಪ ದೂರ ಹೋದ ಮೇಲೆ ಕೇಳಿದ. “ಏನಂತ ಬರೀತೀರಿ?”

“ಕಾಟಾ ಬರೋಬ್ಬರಿ ಐತಿ ಅಂತ.”

“ಪೇಪರಿನ್ಯಾಗ?”

“ಮೊದಲನೇ ಪಾನದಾಗ. ದಪ್ಪ ಅಕ್ಷರದಾಗ.”

ನೀಲಪ್ಪ ಎಲೆ ಅಡಿಕೆಯ ಸಂಚಿ ಬಿಚ್ಚುತ್ತಿದ್ದವನು ಹಾಗೆಯೇ ಮಡಚಿದ.

“ಅದೊಂದು ಬರೀಬ್ಯಾಡ್ರಿ.”

“ಯಾಕ?”

“ನೀವು ಬರದ ಮ್ಯಾಲೆ ಫ್ಯಾಕ್ಟರಿಯವರು ಅಂಜ್ಯಾರ್ರಿ. ಹೋದ ವರ್ಷ ನನ್ನ ಕಬ್ಬಿನ ಗಾಡಿ ಹೊರಗಿನ ಕಾಟಾದಾಗೊಮ್ಮೆ ತೂಗಿಸಿ ಫ್ಯಾಕ್ಟರಿ ಒಳಗ ಒಯ್ದೆ. ಎರಡೂ ಕಡೆ ಒಂದ ತೂಕ ಬಂತು. ಇಷ್ಟ ವರ್ಷದಾಗ ಅದ ಮೊದಲು. ಸುಳ್ಳ ಬರದಿದ್ದೆ ಅಂತ ನೀವ ಅಂದ್ರ, ಮತ್ತ ಶುರು ಹಚ್ಚತಾರ.”

ನನಗೆ ಸಿಟ್ಟು ನೆತ್ತಿಗೇರಿತು. “ಹಂಗಾದ್ರ ನೀ ಕೇಸ್ ಹಿಂದ ತಗೋ ಕಾಕಾ. ಇವತ್ತ ಜಡ್ಜ್ ಸಾಹೇಬ್ರ ಮುಂದ ನಿಂತು ಇದನ್ನ ಹೇಳು.”

“ನಾ ಹ್ಯಾಂಗ ಹೇಳ್ಲಿ? ನನ್ನ ಕಬ್ಬು ಇನ್ನೂ ಹೊಲದಾಗ ನಿಂತೈತಿ. ಕಡಿಯೋ ಗ್ಯಾಂಗ್ ಅವರ ಕಳಸಬೇಕು. ಕೇಸ್ ತಗದೆ ಅಂದ್ರ ಗ್ಯಾಂಗ್ ಬರೂದಿಲ್ಲ. ಕಬ್ಬು ನಿಂತಲ್ಲೇ ಒಣಗತೈತಿ.”

“ಅಂದ್ರ ನಿನ್ನ ಕಬ್ಬು ಬರೋಬ್ಬರಿ ತೂಗಲಿ ಅಂತ ನಾ ನಾಕ ಊರು ತಿರಗಬೇಕು. ನೀ ನನ್ನ ಮ್ಯಾಲೆ ಕೇಸ್ ನಡಸ್ಕೋತ ಇರಾಂವ.”

“ನಾನೂ ಜೋಡಿ ಬರತೇನಲ್ರಿ,” ಎಂದ, ಒಂದಿಷ್ಟೂ ನಾಚಿಕೆಯಿಲ್ಲದೆ. “ಮುಂದಿನ ಸಲ ರೊಟ್ಟಿ ನಾ ತರತೇನಿ.”

ನನ್ನ ದನಿಗೆ ಬಸ್ಸಿನವರೆಲ್ಲ ತಿರುಗಿ ನೋಡಿದರು. “ಜಗಳಾ ಇದ್ರ ಇಳದು ಆಡ್ರಿ,” ಎಂದ ಕಂಡಕ್ಟರ್.

“ಜಗಳಾ ಅಲ್ಲೋ ತಮ್ಮಾ,” ಎಂದ ನೀಲಪ್ಪ. “ಕೇಸ್ ಐತಿ ನಮ್ಮದು.”

ರಾಮದುರ್ಗದವರೆಗೆ ನಾನು ಅವನಿಗೆ ಬೆನ್ನು ತಿರುಗಿಸಿ ಕೂತೆ. ಇಷ್ಟು ವರ್ಷ ಬರೆದಿದ್ದೇನೆ. ಬರೆದದ್ದರಿಂದ ಏನಾಯಿತೆಂದು ಯಾರೂ ಬಂದು ಹೇಳಿದವರಿಲ್ಲ. ಹಾರ ಹಾಕಿದವರೂ ಹೇಳಲಿಲ್ಲ, ಬೈದವರೂ ಹೇಳಲಿಲ್ಲ. ಹೇಳಿದವನು ಒಬ್ಬನೇ, ಅವನೂ ನನ್ನ ಮೇಲೆ ಕೇಸು ಹಾಕಿದವನು. ಕಿಟಕಿಯಿಂದ ಅವನನ್ನು ಎತ್ತಿ ಒಗೆಯಬೇಕೆನಿಸಿತು.

ಕೋರ್ಟಿನ ಪಡಸಾಲೆಯಲ್ಲಿ ರಘೋತ್ತಮರು ಕಾಗದ, ಪೆನ್ನು ಹಿಡಿದೇ ನಿಂತಿದ್ದರು. “ಇಲ್ಲಿ ಹಾಕ್ರಿ. ಆ ಕಡೆ ವಕೀಲರು ಕಾಯಲಿಕ್ಕೆ ಹತ್ಯಾರ.”

“ಹಾಕೂದಿಲ್ರಿ.”

“ಮುಂಜಾನೆ ಫೋನಿನ್ಯಾಗ ಹೂಂ ಅಂದ್ರಿ.”

“ಅಂದಿದ್ದೆ.”

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಾಲ್ಕೂ ಮಂದಿನ್ನ ಒಪ್ಪಸಲಿಕ್ಕೆ ನಾ ಎಷ್ಟ ಮಂದಿ ಕಾಲ ಹಿಡದೇನಿ, ಗೊತ್ತದ ಏನು? ಮತ್ತ ಕೇಳಿದ್ರ ಅವರು ಬಾಗಲಾ ತಗಿಯೂದಿಲ್ಲ. ನಿಮಗಿನ್ನೂ ಸಾಕಾಗಿಲ್ಲೇನ್ರಿ?”

“ಸಾಕಾಗೇತ್ರಿ. ಭಾಳ ಸಾಕಾಗೇತಿ.”

“ಮತ್ತ?”

“ಕಾಟಾ ಬರೋಬ್ಬರಿ ಆಗೇತಂತ. ನಾ ಬರದದ್ದು ಸುಳ್ಳು ಅಂದ್ರ ಕೆಡತೈತಂತ. ತಾರೀಖು ತಗೋರಿ.”

ಅವರು ಕಾಗದವನ್ನು ಕೋಟಿನ ಕಿಸೆಗೆ ತುರುಕಿ ಒಳಗೆ ನಡೆದರು. ಹೆಸರು ಕೂಗಿದಾಗ ನಾನು, ನೀಲಪ್ಪ ಇಬ್ಬರೂ ಹೋಗಿ ಕೈಕಟ್ಟಿ ನಿಂತೆವು. ನೀಲಪ್ಪ ನನ್ನ ಕಡೆ ನೋಡಲಿಲ್ಲ. ರಾಜಿಯಾಗಿಲ್ಲ ಎಂದು ವಕೀಲರು ಹೇಳಿದರು. ಸಾಹೇಬರು ಮುಂದಿನ ತಾರೀಖು ಕೊಟ್ಟರು. ಅದೇ ದಿನ ನನಗೆ ಕಿತ್ತೂರಿನಲ್ಲೂ ತಾರೀಖು ಇತ್ತು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಈ ವಾರದ ಮುಖಪುಟದಲ್ಲಿ ಕ್ಷಮಾಪಣೆಗೆಂದು ಜಾಗ ಬಿಟ್ಟು ಬಂದಿದ್ದೆ. ಸಂಜೆಯೊಳಗೆ ಅಲ್ಲಿಗೆ ಬೇರೇನಾದರೂ ಬರೆದು ಕಳಿಸಬೇಕಿತ್ತು. ಪೆನ್ನು ತೆಗೆದೆ. ಕಣ್ಣು ಎಳೆಯುತ್ತಿತ್ತು. ಯಾವ ಸುದ್ದಿಯೂ ನೆನಪಿಗೆ ಬರಲಿಲ್ಲ.