ಬೀಜಕ್ಕೆ ಬಿಟ್ಟ ಬದನೆ

ಕಂಬಂ ಊರಾಚೆ ಪೇಚ್ಚಿಯಮ್ಮಾಳ್‌ಗೆ ಒಂದು ಬದನೆ ಹಿತ್ತಲಿತ್ತು. ಎಲೆಗೂ ಮುಳ್ಳು, ತೊಟ್ಟಿಗೂ ಮುಳ್ಳು. ಆದರೆ ಕಾಯಿ ಹುಳಿಗೆ ಬಿದ್ದರೆ ಬೆಣ್ಣೆ. ಅವಳ ತಾಯಿ ಕಾಲದ ತಳಿ ಅದು. ಸುತ್ತಲಿನವರೆಲ್ಲ ಅಂಗಡಿ ಬೀಜಕ್ಕೆ ಮರುಳಾದ ಮೇಲೆ ಉಳಿದದ್ದು ಈ ಹಿತ್ತಲಲ್ಲಿ ಮಾತ್ರ.

ತೊಂಬತ್ತೆಂಟರ ಬೇಸಗೆಯ ಮೊದಲಲ್ಲಿ ಅವಳು ನೆಂಟರ ಮದುವೆಗೆಂದು ಬೋಡಿ ಊರಿಗೆ ಹೊರಟಳು. ಹಿತ್ತಲನ್ನು ಹೊಸ ಸೊಸೆ ಜೆಯಂತಿಯ ಕೈಗೆ ಬಿಟ್ಟಳು. ಅಲ್ಲೇ ಎಡವಟ್ಟಾಯಿತು.

ಜೆಯಂತಿ ದಿಂಡಿಗಲ್ ಪೇಟೆಯ ಹುಡುಗಿ. ಬದನೆಯನ್ನು ತರಕಾರಿ ಗಾಡಿಯಲ್ಲಿ ಕಂಡವಳೇ ಹೊರತು ಗಿಡದಲ್ಲಲ್ಲ. ಅತ್ತೆ ಬರುವಷ್ಟರಲ್ಲಿ ಹಿತ್ತಲು ಚೊಕ್ಕಟ ಮಾಡಿ ಭೇಷ್ ಅನ್ನಿಸಿಕೊಳ್ಳಬೇಕೆಂದು ಪಾಪ, ಅವಳಿಗಾಸೆ. ಮುಪ್ಪಾದ ಗಿಡಗಳ ನಡುವೆ ಕಳೆ ಕಿತ್ತಳು. ಮೂಲೆಯಲ್ಲಿ ಹಳದಿಗೆ ತಿರುಗಿದ ದಪ್ಪನೆ ಕಾಯೊಂದು. ತೊಟ್ಟಿಗೆ ಸೀರೆಯ ಚೂರು ಕಟ್ಟಿತ್ತು. ದೃಷ್ಟಿಗೆ ಕಟ್ಟಿದ್ದಾರೆ, ಆದರೂ ದೃಷ್ಟಿ ತಾಗಿ ಕೆಟ್ಟೇಹೋಗಿದೆ ಅಂದುಕೊಂಡಳು. ಕೊಯ್ದು ಎಮ್ಮೆಗೆ ಹಾಕಿದಳು. ಎಮ್ಮೆಗೇನು, ಕಣ್ಣು ಮುಚ್ಚಿ ತಿಂದಿತು.

ಊರಿಂದ ಬಂದ ಅತ್ತೆ ಕಾಲು ತೊಳೆಯುವ ಮೊದಲೇ ಆ ಮೂಲೆಗೆ ನಡೆದಳು. “ಇಲ್ಲಿದ್ದ ಹಣ್ಣೆಲ್ಲಿ ಮಾ?”

“ಕೆಟ್ಟೋಗಿತ್ತು ಅತ್ತೆ. ಎಮ್ಮೆಗೆ ಹಾಕ್ಬುಟ್ಟೆ.”

ಪೇಚ್ಚಿಯಮ್ಮಾಳ್ ಕಟ್ಟೆಯ ಮೇಲೆ ಕುಸಿದು ಕೂತಳು. “ಬೀಜಕ್ಕೆ ಬುಟ್ಟಿದ್ದೆ ಕಣಮ್ಮಾ. ಡಬ್ಬಿನಾಗೆ ಬೇರೆ ಬೀಜ ಇಲ್ಲ.”

ಬೈದಿದ್ದರೆ ಜೆಯಂತಿ ತಡೆದುಕೊಳ್ಳುತ್ತಿದ್ದಳು. ಅಮ್ಮನಿಂದ ಮಗಳಿಗೆ ಬಂದದ್ದು ತನ್ನ ಕೈಯಲ್ಲಿ ಮುಗಿಯಿತಲ್ಲ ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ. ಅಷ್ಟರಲ್ಲಿ ಅತ್ತೆ ಎದ್ದು ಕುಡುಗೋಲು ತಂದು ಗಿಡಗಳನ್ನು ಮೊಣಕಾಲುದ್ದಕ್ಕೆ ಕಚಕಚನೆ ಕತ್ತರಿಸತೊಡಗಿದಳು. ಸಿಟ್ಟಿಗೆ ಕಡಿಯುತ್ತಿದ್ದಾಳೆಂದು ಸೊಸೆಗೆ ಅಳುವೇ ಬಂತು.

“ಅಳ್ಬೇಡ. ಬದನೆ ಬೇರು ಅಷ್ಟು ಸುಲಭಕ್ಕೆ ಸಾಯಾದಿಲ್ಲ, ಮತ್ತೆ ಚಿಗುರ್ತದೆ. ಹೋಗು, ಗೊಬ್ಬರ ತಾ.”

ಅಂದಿನಿಂದ ಜೆಯಂತಿಗೆ ಹಿತ್ತಲೇ ಮನೆ. ಬರೀ ಮೋಟುಗಳನ್ನು ನೋಡಿ ನೋಡಿ ಅವಳಿಗೆ ಅನ್ನ ಸೇರದು. ಕೊನೆಗೆ ಗಂಟಿನಲ್ಲಿ ಚಿಗುರೊಡೆದಾಗ, ಮುಳ್ಳು ಚುಚ್ಚಿದರೂ ಸವರಿದಳು. ಹುಳ ಕೊರೆದು ಬಾಡಿದ ಕುಡಿಗಳನ್ನು ಬೆಳಬೆಳಗ್ಗೆ ಚಿವುಟಿ ಸುಟ್ಟಳು. ನೇರಳೆ ಹೂ ತಲೆ ಬಗ್ಗಿಸಿ ಅರಳಿತು, ಕಾಯಿ ಕಚ್ಚಿತು. ಚೆನ್ನಾದ ಕೆಲವನ್ನು ಹಳದಿಯಾಗುವ ತನಕ ಬಿಟ್ಟರು. ಹಣ್ಣನ್ನು ನೀರಲ್ಲಿ ಕಿವುಚಿ, ಮುಳುಗಿದ ಬೀಜಕ್ಕೆ ಬೂದಿ ಸವರಿ ನೆರಳಲ್ಲಿ ಒಣಗಿಸುವುದನ್ನು ಅತ್ತೆ ಕೈಹಿಡಿದು ಕಲಿಸಿದಳು. ಅಷ್ಟು ದಿನವೂ ಎಮ್ಮೆಯ ವಿಷಯವನ್ನು ಅತ್ತೆ ಮನೆ ಹೊಸಿಲು ದಾಟಿಸಲಿಲ್ಲ. ಇಂಥ ಅತ್ತೆ ಸಿಕ್ಕಿದ್ದಕ್ಕೆ ಜೆಯಂತಿ ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು.

ಆಡಿ ತಿಂಗಳ ಬಿತ್ತನೆ ಮಳೆ ಹನಿದ ಮೇಲೆ ಪಕ್ಕದ ಮನೆಯ ಮುನಿಯಮ್ಮಾಳ್ ಬಂದಳು. “ಅಕ್ಕಾ, ಒಂದ್ಚಿಟಿಕೆ ಬದನೆ ಬೀಜ ಕೊಡು.”

“ನಂದೆಲ್ಲ ಮುಗ್ದೋಯ್ತು. ಇದು ನನ್ ಸೊಸೆ ಬೆಳೆದಿದ್ದು, ಅವಳ್ನ ಕೇಳು,” ಅಂದಳು ಪೇಚ್ಚಿಯಮ್ಮಾಳ್.

ಜೆಯಂತಿಯ ಕಣ್ಣು ತುಂಬಿ ಡಬ್ಬಿಯೇ ಮಸುಕಾಯಿತು. ಚಿಟಿಕೆ ಕೇಳಿದವಳಿಗೆ ಅವಳು ಹಿಡಿ ತುಂಬ ಕೊಟ್ಟಳು. ಅತ್ತೆ ಸಾಕು ಅನ್ನಲಿಲ್ಲ.