ಡಬ್ಬಿಯ ಶಿಖರ

ಪರದೆಯ ಮೇಲೆ ಗ್ರಾಫಿನ ಶಿಖರ ಎದ್ದು ನಿಂತಾಗ ಮುಖ್ಯಸ್ಥ ಎದೆಯುಬ್ಬಿಸಿದ.

"ಇದೇ ನಮ್ಮ ಆಂಟೆನಾದ ಜೀವ. ಆರು ತಿಂಗಳು ನಾನೇ ಕೂತು ಕಂಡುಹಿಡಿದಿದ್ದು," ಎಂದ. ಖರೀದಿಗೆ ಬಂದಿದ್ದ ಕಂಪನಿಯ ಎಂಜಿನಿಯರಮ್ಮ ಕನ್ನಡಕ ಏರಿಸಿಕೊಂಡು ನೋಡಿದರು.

ಕೊನೆಯ ಕುರ್ಚಿಯಲ್ಲಿದ್ದ, ಅವನ ಕೈಕೆಳಗೆ ಕೆಲಸ ಮಾಡುವ ಹುಡುಗಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆರು ತಿಂಗಳು ಕೂತಿದ್ದು ಅವಳು. ಜ್ವರ ಬಂದು ನಾಲ್ಕು ದಿನ ಮಲಗಿದ್ದಾಗ ಅವಳ ಫೈಲು ಎತ್ತಿಕೊಂಡು, ಹೆಸರು ಅಳಿಸಿ ತನ್ನದು ಬರೆದುಕೊಂಡವನು ಇವನು. ಕೇಳಿದ್ದಕ್ಕೆ, "ಕೆಲಸ ಎಲ್ಲರದ್ದೂ ಅಲ್ವೇನಮ್ಮ," ಎಂದು ನಕ್ಕಿದ್ದ. ಆ ನಗುವನ್ನು ಅವಳು ಮೂರು ವಾರದಿಂದ ಮರೆತಿರಲಿಲ್ಲ.

ಮಹಾಶಯ ಇನ್ನೆರಡು ದಿನ ತಡೆದು ಕದಿಯಬೇಕಿತ್ತು. ಕಂಪ್ಯೂಟರಿನೊಳಗೆ ಆಂಟೆನಾವನ್ನು ಕಾಲ್ಪನಿಕ ಡಬ್ಬಿಯೊಂದರಲ್ಲಿಟ್ಟು ಅಲೆ ಬಿಡುತ್ತಾರೆ. ಡಬ್ಬಿಯ ಗೋಡೆಗಳು ಆ ಅಲೆಯನ್ನು ನುಂಗಬೇಕು. ಮಲಗುವ ಮುನ್ನಾದಿನ ಜ್ವರದ ಮಂಪರಿನಲ್ಲಿ ಅವಳು ಗೋಡೆಗಳನ್ನು ಲೋಹದವಾಗಿಯೇ ಬಿಟ್ಟಿದ್ದಳು. ಅಲೆ ಬಡಿದು ವಾಪಸಾಗಿ, ಖಾಲಿ ಕೊಡದ ಹಾಗೆ ಡಬ್ಬಿಯೇ ಗುಂಯ್‌ಗುಟ್ಟುತ್ತಿತ್ತು. ಕೆಲಸಕ್ಕೆ ಮರಳಿದ ದಿನವೇ ಅವಳಿಗೆ ಅದು ಕಂಡಿತು. ಸರಿಪಡಿಸಿ ಬೇರೆ ಫೈಲಿನಲ್ಲಿಟ್ಟು, ತುಟಿ ಪಿಟಕ್ಕೆನ್ನದೆ ಈ ದಿನಕ್ಕಾಗಿ ಕಾದಳು.

"ಸರ್, ಒಂದು ಸಣ್ಣ ಅನುಮಾನ," ಎಂದಳು. "ಡಬ್ಬೀನ ನಾಲ್ಕು ಬೆರಳು ದೊಡ್ಡದು ಮಾಡಿ ಇನ್ನೊಂದ್ಸಲ ಓಡಿಸ್ತೀರಾ? ಆಂಟೆನಾ ಹಾಗೇ ಇರ್ಲಿ."

"ಅದೆಲ್ಲ ಈಗ್ಯಾಕಮ್ಮ?"

"ಓಡಿಸಿ, ನೋಡೋಣ," ಎಂದರು ಎಂಜಿನಿಯರಮ್ಮ.

ಹತ್ತು ನಿಮಿಷ ಕಂಪ್ಯೂಟರು ಲೆಕ್ಕ ಹಾಕಿತು. ಹೊಸ ಗ್ರಾಫು ಬಂತು. ಆಂಟೆನಾದ್ದೇ ಆಗಿದ್ದರೆ ಕದಲಬಾರದಿದ್ದ ಶಿಖರ ಎಡಕ್ಕೆ ಜಾರಿ ಕೂತಿತ್ತು.

"ಹಾಗಾದ್ರೆ ನೀವು ತೋರಿಸಿದ್ದು ಡಬ್ಬೀದು, ಆಂಟೆನಾದ್ದಲ್ಲ," ಎಂದರು ಎಂಜಿನಿಯರಮ್ಮ.

ಮುಖ್ಯಸ್ಥ ಇಂಗು ತಿಂದ ಮಂಗನಂತಾದ. ಅವಳು ಅದನ್ನು ಕಣ್ತುಂಬ ನೋಡಿದಳು. ಎಷ್ಟು ನೋಡಿದರೂ ಸಾಲದೆನಿಸಿತು. ಅಷ್ಟರಲ್ಲಿ ಅವನು ಅವಳತ್ತ ಬೆರಳು ತೋರಿಸಿದ. "ಈ ಫೈಲು ನಾನು ಮಾಡಿದ್ದಲ್ಲ. ಇವಳು ಮಾಡಿದ್ದು."

ಮೂರು ವಾರದ ಲೆಕ್ಕಾಚಾರದಲ್ಲಿ ಅವಳು ಇದೊಂದನ್ನು ಎಣಿಸಿರಲಿಲ್ಲ. ಕಸಿದುಕೊಂಡಿದ್ದನ್ನು ಅವನು ವಾಪಸು ಕೊಟ್ಟಿದ್ದ, ತಪ್ಪಿನ ಸಮೇತ. ಅಲ್ಲವೆಂದರೆ ಅವಳು ಪಾರು. ಆದರೆ ಆರು ತಿಂಗಳ ಕೆಲಸವೂ ಕೈಬಿಟ್ಟು ಹೋದಂತೆ.

"ನಿಮ್ದಾ?" ಎಂಜಿನಿಯರಮ್ಮ ಕೇಳಿದರು.

"ನಂದೇ ಮೇಡಂ. ತಪ್ಪೂ ನಂದೇ," ಎಂದಳು. "ಸರಿ ಮಾಡಿದ್ದೂ ಇದೆ. ಇಷ್ಟು ಎತ್ತರ ಬರಲ್ಲ."

"ತೋರಿಸಿ."

ಅವಳು ಮುಂದೆ ಹೋಗಿ ಮುಖ್ಯಸ್ಥನ ಕುರ್ಚಿಯಲ್ಲಿ ಕೂತು ಫೈಲು ತೆರೆದಳು. ಮೇಲ್ಗಡೆ ಅವಳ ಹೆಸರು, ಕೆಳಗೆ ಗಿಡ್ಡನೆಯ ಒಂದು ದಿಬ್ಬ. ಯಾರೂ ಕೇಳುವ ಮೊದಲೇ ಡಬ್ಬಿಯನ್ನು ನಾಲ್ಕು ಬೆರಳು ದೊಡ್ಡದು ಮಾಡಿ ಓಡಿಸಿದಳು. ಮುಖ್ಯಸ್ಥ ಪಕ್ಕದಲ್ಲಿ ನಿಂತೇ ಇದ್ದ. ದಿಬ್ಬ ಇದ್ದಲ್ಲೇ ಇತ್ತು.