ಓ ಅನ್ನದ ಪೆಟ್ಟಿಗೆ

ಆ ಮನೆಯ ಸೊಸೆಯ ದನಿಯನ್ನು ಊರೆಲ್ಲ ಕೇಳಿತ್ತು. ಅದು ಅವಳದೆಂದು ಮಾತ್ರ ಊರಿಗೆ ಗೊತ್ತಿರಲಿಲ್ಲ. ಡಬ್ಬಿಂಗ್ ಚಿತ್ರಗಳಲ್ಲಿ ಬಸ್ಸು ತಪ್ಪಿದಾಗ ಹಿಂದಿನಿಂದ "ಅಯ್ಯೋ" ಎನ್ನುವವಳು ಅವಳು; ಬೆಂಕಿ ಬಿದ್ದಾಗ "ನೀರು, ನೀರು" ಎಂದು ಕೂಗುವವಳೂ ಅವಳೇ. ಗುಂಪಿನಲ್ಲಿ ಗೋವಿಂದ ಎನ್ನುವುದು ಉಳಿದವರಿಗೆ ಗಾದೆ, ಅವಳಿಗೆ ಉದ್ಯೋಗ.

ಈಗ ಮೊದಲ ಸಲ ಒಂದಿಡೀ ಪಾತ್ರ ಬಾಗಿಲಿಗೆ ಬಂದಿತ್ತು. ಚಿತ್ರದಲ್ಲಿ ಹೊಳೆ ದಾಟಿಸುವ ದೋಣಿಯವಳು. ಇವತ್ತು ಸಂಜೆ ನಾಲ್ಕಕ್ಕೆ ಪರೀಕ್ಷೆ, ಅದೂ ಮನೆಯಿಂದಲೇ. ನಿರ್ದೇಶಕರು ಸ್ಟುಡಿಯೋದಿಂದ ದೃಶ್ಯ ಬಿಡುತ್ತಾರೆ; ಇವಳು ಹೆಡ್‌ಫೋನಿನಲ್ಲಿ ಮೂಲ ದನಿ ಕೇಳುತ್ತ, ಪರದೆಯ ಮೇಲಿನ ತುಟಿಗಳಿಗೆ ತನ್ನ ಮಾತನ್ನು ತುಂಬಬೇಕು. ಕೇಳಿಸದಿದ್ದರೆ ಪಾತ್ರ ಇನ್ನೊಬ್ಬಳ ಪಾಲಿಗೆ. ಆ ಇನ್ನೊಬ್ಬಳ ಪರೀಕ್ಷೆ ಐದು ಗಂಟೆಗೆ ಇತ್ತು.

ಮೈದುನ ಬೆಳಿಗ್ಗೆಯೇ ಸಿದ್ಧತೆ ಮುಗಿಸಿದ್ದ. ಮನೆಯಲ್ಲಿ ಅವನನ್ನು ಪಂಡಿತ ಎನ್ನುತ್ತಿದ್ದರು. ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿದವನು ಅವನೇ. ಅದರ ಹೆಡ್‌ಫೋನ್ ತೂತನ್ನು ಎಳೆದಾಡಿ ಕೆಡಿಸಿದವನೂ ಅವನೇ. ಪ್ರಾಯಶ್ಚಿತ್ತವಾಗಿ ಯುಎಸ್‌ಬಿಗೆ ಚುಚ್ಚುವ ಸದ್ದಿನ ಪೆಟ್ಟಿಗೆಯೊಂದನ್ನು ತಂದಿದ್ದ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಒಂದು ತೂತಿಗೆ ಮೈಕು, ಇನ್ನೊಂದಕ್ಕೆ ಹೆಡ್‌ಫೋನು.

ಮೂರೂವರೆಗೆ ಸೊಸೆ ಹೆಡ್‌ಫೋನ್ ಹಾಕಿಕೊಂಡು ಕುಳಿತಳು. ಒಳಗೆ ಮೌನ. ಅದೂ ದುಬಾರಿ ಹೆಡ್‌ಫೋನಿನ ದಪ್ಪ ಮೌನ.

"ಪಂಡಿತಾ, ಏನೂ ಕೇಳಿಸ್ತಿಲ್ಲ."

"ಅತ್ತಿಗೆ, ನೀವು ಟೆನ್ಶನ್ ಮಾಡ್ಕೋಬೇಡಿ."

"ನೀನು ಹಾಗಂದಾಗಲೇ ನನಗೆ ಶುರುವಾಗೋದು."

ಮೈದುನ ಅಂಗಿಯ ತೋಳು ಮಡಿಸಿದ. ಸದ್ದಿನ ಸೆಟ್ಟಿಂಗ್ ತೆರೆದ. ಪಟ್ಟಿಯಲ್ಲಿ ಪೆಟ್ಟಿಗೆಯ ಹೆಸರಿತ್ತು, ಅದನ್ನೇ ಆರಿಸಲಾಗಿತ್ತು. ಪರೀಕ್ಷೆಯ ಗುಂಡಿ ಒತ್ತಿದ. ಪರದೆಯ ಮೇಲೆ ಸದ್ದಿನ ಪಟ್ಟಿ ಕಪ್ಪೆಯಂತೆ ಕುಪ್ಪಳಿಸಿತು. ಪೆಟ್ಟಿಗೆಯ ದೀಪವೂ ಹಸಿರಾಗಿ ಮಿನುಗಿತು. ಕಿವಿಯಲ್ಲಿ ಮಾತ್ರ ಏನೂ ಇಲ್ಲ.

"ನೋಡಿ, ಸದ್ದು ಹೋಗ್ತಿದೆ!" ಎಂದ ಸಂಭ್ರಮದಿಂದ.

"ಎಲ್ಲಿಗೆ?"

ಮೈದುನ ಪೆಟ್ಟಿಗೆಯನ್ನು ಮುಂದಿನ ತೂತಿನಿಂದ ಕಿತ್ತು ಹಿಂದಿನದಕ್ಕೆ ಚುಚ್ಚಿದ. ಹೆಡ್‌ಫೋನನ್ನು ಫೋನಿಗೆ ಹಾಕಿ ನೋಡಿದ. ಅಲ್ಲಿ ಚೆನ್ನಾಗಿ ಹಾಡುತ್ತಿತ್ತು. ಆಜ್ಞೆ ಬರೆಯುವ ಕಪ್ಪು ಕಿಟಕಿಯೊಂದನ್ನು ಪರದೆಯ ಮೇಲೆ ತೆರೆದು ಸದ್ದಿನ ವ್ಯವಸ್ಥೆಯನ್ನೇ ಮಲಗಿಸಿ ಎಬ್ಬಿಸಿದ. ಎದ್ದದ್ದು ಎದ್ದಿತು, ಮಾತಾಡಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಕೈಯಲ್ಲಿ ಅರ್ಧ ಸುಲಿದ ಬಟಾಣಿಯ ಬುಟ್ಟಿ. ಸೊಸೆ ಮೂರು ದಿನದಿಂದ ಕನ್ನಡಿಯ ಮುಂದೆ ದೋಣಿ ನಡೆಸುತ್ತಿದ್ದುದನ್ನು ಕಂಡವರು ಅವರು. ದಡದಲ್ಲಿ ನಿಂತು ಕರೆಯುವ ಪ್ರಯಾಣಿಕನ ಪಾತ್ರವೂ ಅವರದೇ ಆಗಿತ್ತು.

"ಇನ್ನೂ ಮಾತಾಡ್ಲಿಲ್ವೇನೋ ಅದು?"

"ಅಮ್ಮ, ಸ್ವಲ್ಪ ಸುಮ್ನಿರು."

"ಒಂದು ಸುಮ್ಮನಿರೋದು ಸಾಲದು ಅಂತ ನಾನೂ ಸುಮ್ಮನಿರಬೇಕಾ?"

ಸೊಸೆ ಗಡಿಯಾರದ ಕಡೆ ನೋಡಲಿಲ್ಲ. ನೋಡಬಾರದೆಂದು ಅದಕ್ಕೆ ಬೆನ್ನು ಹಾಕಿ ಕುಳಿತಿದ್ದಳು. ಅಷ್ಟರಲ್ಲಿ ಮೈದುನ ತೊಡೆ ತಟ್ಟಿದ. "ಇನ್ನು ಉಳಿದಿರೋದು ಪೆಟ್ಟಿಗೆಯದೇ ಮಿಕ್ಸರ್, ಸದ್ದು ಏರಿಸೋ ಇಳಿಸೋ ಜಾಗ! ಆದ್ರೆ ಅದನ್ನ ಬೆಳಿಗ್ಗೆಯೇ ಸರಿ ಮಾಡಿದ್ನಲ್ಲ." ಆದರೂ ತೆರೆದ. ಕಪ್ಪು ಪರದೆಯ ಮೇಲೆ ತುದಿಯವರೆಗೂ ತುಂಬಿದ ಕಂಬವೊಂದು ಎದ್ದು ನಿಂತಿತು. ಅದರ ಬುಡದ ಚೌಕದಲ್ಲಿ ಎರಡು ಅಕ್ಷರ: MM.

"ಇದೇನದು?" ಎಂದಳು ಸೊಸೆ.

"ಬೆಳಿಗ್ಗೆ ಇಲ್ಲಿ ಎರಡು ಸೊನ್ನೆ ಇತ್ತು ಅತ್ತಿಗೆ. ಸೊನ್ನೆ ಅಂದ್ರೆ ಸದ್ದೇ ಇಲ್ಲ ಅಂತ ತಾನೇ? ಒಂದೊಂದೇ ಕೀಲಿ ಒತ್ತಿ ನೋಡ್ದೆ. ಎಂ ಒತ್ತಿದ ತಕ್ಷಣ ಹೀಗಾಯ್ತು." ಗಂಟಲು ಸರಿಮಾಡಿಕೊಂಡ. "ಎಂಎಂ. ಮ್ಯಾಕ್ಸಿಮಮ್."

ಅತ್ತೆ ಕನ್ನಡಕ ಏರಿಸಿ ಪರದೆಗೆ ಬಾಗಿದರು. "ಮ್ಯಾಕ್ಸಿಮಮ್ಮೋ ಏನೋ. ನನಗೇನೋ ಇದು ಮ್ಮ್ ಅಂದ ಹಾಗಿದೆ. ನೀನು ಚಿಕ್ಕವನಾಗಿದ್ದಾಗ ಊಟಕ್ಕೆ ಕರೆದ್ರೆ ಹೀಗೇ ಮ್ಮ್ ಅಂತಿದ್ದೆ, ಬಾಯಿ ಬಿಟ್ಟು ಓ ಅಂತಿರಲಿಲ್ಲ."

ಸೊಸೆ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿದಳು.

"ಅತ್ತೆ, ಇನ್ನೊಂದ್ಸಲ ಹೇಳಿ."

"ಏನನ್ನೇ? ಊಟದ್ದಾ?"

"ಮ್ಮ್ ಅನ್ನಿ."

ಅತ್ತೆ ಅಂದರು. ಸೊಸೆ ಅವರ ತುಟಿಗಳನ್ನೇ ನೋಡಿದಳು. ಗುಂಪಿನಲ್ಲಿ ಕೂಗುವವಳಾದರೂ ಅವಳ ಹೊಟ್ಟೆಪಾಡು ತುಟಿಗಳದ್ದೇ. ಪರದೆಯ ಮೇಲಿನ ತುಟಿ ಕೂಡಿಕೊಂಡಿದ್ದರೆ ಅಲ್ಲಿ ಪ, ಬ, ಮ ಬಿಟ್ಟು ಬೇರೆ ಅಕ್ಷರ ಕೂರುವುದಿಲ್ಲ. ಓ ಎನ್ನಿಸಬೇಕಾದರೆ ಬಾಯಿ ತೆರೆದಿರಬೇಕು. ಅದು ಡಬ್ಬಿಂಗಿನ ಮೊದಲ ಪಾಠ.

"ಪಂಡಿತಾ! ಅದು ಸೊನ್ನೆ ಅಲ್ವೋ, ಓ! ಬಾಯಿ ತೆರೆದಿತ್ತು! ನೀನು ಹೋಗಿ ಮುಚ್ಚಿಸಿದ್ದೀಯ!"

"ಅತ್ತಿಗೆ, ಕಂಪ್ಯೂಟರ್ ಅಂದ್ರೆ ಹಾಗೆಲ್ಲ ಇರಲ್ಲ, ಅದಕ್ಕೊಂದು ತರ್ಕ..."

ತರ್ಕ ಮುಗಿಯುವಷ್ಟರಲ್ಲಿ ಅವಳ ಬೆರಳು ಎಂ ಕೀಲಿಯ ಮೇಲೆ ಬಿದ್ದಿತ್ತು. ಚೌಕದಲ್ಲಿ ಎರಡು ಬಾಯಿಗಳು ತೆರೆದುಕೊಂಡವು. ಮೈದುನ ಪರೀಕ್ಷೆಯ ಗುಂಡಿ ಒತ್ತಿದ. ಕುತ್ತಿಗೆಯಲ್ಲಿದ್ದ ಹೆಡ್‌ಫೋನು ಇಡೀ ಕೋಣೆಗೆ ಕೇಳುವಂತೆ ಅರಚಿತು. ಅತ್ತೆಯ ಕೈಯಿಂದ ಬುಟ್ಟಿ ಜಾರಿ ಬಟಾಣಿಗಳು ಮೇಜಿನಡಿಗೆ ಓಡಿದವು. ಮೂವರೂ ಒಟ್ಟಿಗೆ ಕಿರುಚಿದರು. ಪಕ್ಕದ ಮನೆಯವರು ಗೋಡೆ ಬಡಿದರು.

"ಬಂತು! ಅತ್ತೆ, ಬಂತು!"

"ಬಂತಲ್ಲೇ! ಲೋ, ಕಡಿಮೆ ಮಾಡೋ ಅದನ್ನ, ಹುಡುಗಿ ಕಿವಿ ಹೋದೀತು!"

ಸದ್ದು ತಗ್ಗಿತು. ಸೊಸೆ ಹೆಡ್‌ಫೋನನ್ನು ಮತ್ತೆ ಕಿವಿಗೇರಿಸುತ್ತಿದ್ದಂತೆ ಕರೆ ಬಂತು. ನಿರ್ದೇಶಕರು ನಮಸ್ಕಾರ ಎನ್ನುವ ಬದಲು "ದೃಶ್ಯ ಬಿಡ್ತಿದ್ದೀನಿ" ಎಂದರು. ಅಂಥ ಮನುಷ್ಯ. ಬಟಾಣಿ ಆಯಲು ಮೇಜಿನಡಿ ಹೊಕ್ಕ ಮೈದುನ ಅಲ್ಲೇ ಉಸಿರು ಹಿಡಿದು ಕುಳಿತ. ಅತ್ತೆ ಬಾಗಿಲಲ್ಲಿ ನಿಂತರು.

ಪರದೆಯ ಮೇಲೆ ಮಂಜು ಮುಚ್ಚಿದ ಹೊಳೆ. ಆಚೆ ದಡದಿಂದ ಯಾರೋ ದೋಣಿಯವಳನ್ನು ಕರೆದರು. ಎಲ್ಲೋ ನೀರಿನ ಮೇಲಿಂದ ಬಂದಂತೆ ಆ ಕರೆ ಸೊಸೆಯ ಎರಡೂ ಕಿವಿಗೆ ಬಂತು. ದೋಣಿಯವಳು ಹುಟ್ಟು ನಿಲ್ಲಿಸಿ ತಲೆಯೆತ್ತಿ ಬಾಯಿ ತೆರೆದಳು.

"ಓ...!"

ಮೂರು ದಿನ ಕನ್ನಡಿಯ ಮುಂದೆ ಬಾರದಿದ್ದ ಓ ಅದು. ಕರೆದವನ ಮೇಲಿನ ಅಕ್ಕರೆ, ತಡವಾದುದಕ್ಕೆ ನಗು, ಬಂದೆ ಇರಪ್ಪಾ ಎನ್ನುವ ಭರವಸೆ, ಎಲ್ಲವೂ ಅದರಲ್ಲಿತ್ತು. ಕರೆ ಕೇಳಿಸಿದ್ದಕ್ಕೇ ಇಷ್ಟು ಖುಷಿಪಟ್ಟ ದೋಣಿಯವಳು ಯಾವ ಹೊಳೆಯಲ್ಲೂ ಇರಲಾರಳು.

ಹೆಡ್‌ಫೋನಿನಲ್ಲಿ ಮತ್ತೆ ಮೌನ. ಸೊಸೆ ಗಾಬರಿಯಿಂದ ಪರದೆಯ ಮೂಲೆಯನ್ನು ನೋಡಿದಳು. ಬಾಯಿಗಳು ತೆರೆದೇ ಇದ್ದವು. ಸುಮ್ಮನಾಗಿದ್ದವರು ನಿರ್ದೇಶಕರು.

"ಮುಂದಿನ ಮಾತು ಹೇಳ್ಲಾ ಸರ್?"

"ಬೇಡ. ಸೋಮವಾರ ಬಂದು ಸ್ಟುಡಿಯೋದಲ್ಲೇ ಹೇಳಿ. ಐದು ಗಂಟೆಯವರಿಗೆ ನಾನೇ ಫೋನ್ ಮಾಡ್ತೀನಿ."

ಅತ್ತೆಗೆ ಸರಿಯಾಗಿ ಕೇಳಿಸಿರಲಿಲ್ಲ. ಸೊಸೆ ಅಳುತ್ತಿದ್ದಳೋ ನಗುತ್ತಿದ್ದಳೋ, ಹಿಂದಿನಿಂದ ತಿಳಿಯುವಂತಿರಲಿಲ್ಲ.

"ಏನಾಯ್ತೋ? ಪಂಡಿತಾ! ಲೋ, ಪಂಡಿತಾ!"

ಮೇಜಿನಡಿಯಿಂದ ಉತ್ತರ ಬಂತು: "ಮ್ಮ್."